ಹೊಳೆಯಪ್ಪ ಓದಿದ ನೀಲವ್ವ

ಅಮರಗೋಳದ ಮಾರುಕಟ್ಟೆಯಲ್ಲಿ ಹೊಳೆಯಪ್ಪ ಮೂವತ್ತು ವರ್ಷದಿಂದ ಕಾಳಿನ ಚೀಲ ತೂಗುತ್ತಿದ್ದಾನೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟರೂ ಓದುವ ಹುಚ್ಚು ಬಿಟ್ಟಿರಲಿಲ್ಲ. ಮಧ್ಯಾಹ್ನ ರೊಟ್ಟಿ ತಿಂದಾದ ಮೇಲೆ ಗ್ರಂಥಾಲಯದ ಕಾದಂಬರಿ ತೆಗೆದು ಗಟ್ಟಿಯಾಗಿ ಓದುತ್ತಿದ್ದ. ಕಾಳು ಹಸನು ಮಾಡುವ ಗೌರಕ್ಕ ಮೊರ ಹಿಡಿದುಕೊಂಡೇ ಕೇಳುತ್ತಿದ್ದಳು. ಅವಳಿಗೆ ಓದು ಬಾರದು; ಆದರೆ ಕೇಳಿದ್ದನ್ನು ಮರೆಯುವವಳಲ್ಲ.

ಕಳೆದ ಶ್ರಾವಣದಲ್ಲಿ ಹಿಡಿದ ಕಾದಂಬರಿಯಲ್ಲಿ ನೀಲವ್ವ ಎಂಬ ಮಲತಾಯಿ ಇದ್ದಳು. ಮೊದಲ ಅಧ್ಯಾಯದಲ್ಲೇ ಎಂಟು ವರ್ಷದ ಮಗನನ್ನು ದೂರದ ಮಠದ ಶಾಲೆಗೆ ಅಟ್ಟಿದಳು. ಹುಡುಗ ಅಂಗಳದಲ್ಲಿ ನಿಂತು ತಿರುಗಿ ನೋಡಿದರೂ ಅವಳು ಹೊರಗೆ ಬರಲಿಲ್ಲ, ಬಾಗಿಲು ಹಾಕಿಕೊಂಡಳು. ಅವಳ ಹೆಸರು ಬಂದಾಗಲೆಲ್ಲ ಗೌರಕ್ಕ ಲಟಿಕೆ ಮುರಿದು ಶಾಪ ಹಾಕುತ್ತಿದ್ದಳು. ಹೊಳೆಯಪ್ಪನಿಗೂ ಅಷ್ಟೇ ಸಿಟ್ಟು. ಅವನೂ ಮಲತಾಯಿಯ ಕೈಯಲ್ಲಿ ಬೆಳೆದವನು.

ಹದಿನಾಲ್ಕನೆಯ ಅಧ್ಯಾಯದಲ್ಲಿ ನಿಜ ಗೊತ್ತಾಯಿತು. ಹುಡುಗನ ತಂದೆಗೆ ಕ್ಷಯ ಹತ್ತಿತ್ತು. ಅದು ಮಗುವಿಗೆ ತಗಲಬಾರದೆಂದೇ ನೀಲವ್ವ ಅವನನ್ನು ಕಳಿಸಿ, ಗಂಡನ ಆರೈಕೆಗೆ ತಾನೊಬ್ಬಳೇ ಉಳಿದಿದ್ದಳು. ಇಷ್ಟು ದಿನ ಬೈದದ್ದಕ್ಕೆ ಹೊಳೆಯಪ್ಪನಿಗೆ ನಾಚಿಕೆಯಾಯಿತು. ಗೌರಕ್ಕ ಮಾತ್ರ ಒಪ್ಪಲಿಲ್ಲ.

“ಅಷ್ಟ ಮಾಯಾ ಮಮತಾ ಇದ್ರ, ಬಾಗಲಾ ದಢಾರನ ಯಾಕ ಹಾಕ್ಕೊಂಡ್ಳರಿ ಕಾಕಾ? ನೀವ ಓದಿದ್ರಲ್ಲ.”

ಹೌದಲ್ಲ ಎನ್ನಿಸಿ ಹೊಳೆಯಪ್ಪ ಮೊದಲ ಅಧ್ಯಾಯ ತೆರೆದ. ‘ನೀಲವ್ವ ಬಾಗಿಲು ಮುಂದೆ ಮಾಡಿದಳು’ ಎಂದಷ್ಟೇ ಇತ್ತು; ಎಂದರೆ ಸುಮ್ಮನೆ ಮುಚ್ಚಿದಳು. ದಢಾರ್ ಎಂಬ ಶಬ್ದ ಆ ಪುಟದಲ್ಲೇ ಇರಲಿಲ್ಲ. ನಡುವೆ ಒಮ್ಮೆ ಪುಸ್ತಕವನ್ನು ಮರಳಿಸಿ ಮತ್ತೆ ತಂದಿದ್ದ. ಆಗ ಬೇರೆ ಪ್ರತಿ ಬಂದಿರಬೇಕೆಂದು ಅನುಮಾನವಾಯಿತು. ಸಂಜೆ ಗ್ರಂಥಪಾಲಕಿ ಜೋಯಾಳ ಹತ್ತಿರ ಹೋದ. ಅವಳು ಇನ್ನೊಂದು ಪ್ರತಿ ಹುಡುಕಿ ತಂದು ಪಕ್ಕದಲ್ಲಿಟ್ಟಳು. ಎರಡರಲ್ಲೂ ಅದೇ ಸಾಲು.

“ಹಂಗಾರ ಆ ಸಪ್ಪಳಾ ನಾನ ಸೇರಿಸೇನೇನವಾ?” ಎಂದು ಕೇಳಿದ.

ಜೋಯಾ ನಕ್ಕಳು. ತನಗೂ ಹಾಗಾಗುತ್ತದೆ, ನೆನಪಿನಲ್ಲಿದ್ದ ಸಾಲು ಎರಡನೆಯ ಸಲ ಓದುವಾಗ ಸಿಗುವುದೇ ಇಲ್ಲ ಎಂದಳು.

ಬಸ್ಸಿನಲ್ಲಿ ಊರಿಗೆ ಮರಳುವಾಗ ಅವನಿಗೆ ಹೊಳೆಯಿತು: ಆ ಸದ್ದು ಅಮ್ಮಿನಬಾವಿಯಲ್ಲಿ ತಾನು ಮಲತಾಯಿಯ ಕೈಯಲ್ಲಿ ಬೆಳೆದ ಮನೆಯ ಬಾಗಿಲಿನದು. ಆದರೆ ಆ ಬಾಗಿಲಾದರೂ ನಿಜವಾಗಿ ಹಾಗೆ ಬಡಿದಿತ್ತೇ? ಎಷ್ಟು ನೆನೆದರೂ ಖಾತ್ರಿಯಾಗಲಿಲ್ಲ.

ಮರುದಿನ ಗೌರಕ್ಕನ ಮುಂದೆ ತಪ್ಪೊಪ್ಪಿಕೊಂಡು, ಮೊದಲ ಅಧ್ಯಾಯವನ್ನು ಅಕ್ಷರ ಬಿಡದೆ, ಅಕ್ಷರ ಕೂಡಿಸದೆ ಓದಿದ. ಗೌರಕ್ಕ ಕೇರುವುದನ್ನು ನಿಲ್ಲಿಸಿ ಕೇಳಿದಳು. ಓದು ಮುಗಿದ ಮೇಲೆ ಅಂದಳು:

“ಅಲ್ಲರಿ, ಆ ಹುಡುಗನ ಅಪ್ಪ ಒಳಗ ಇದ್ದನಲ್ಲ. ಮಗಗ ಒಂದ ಖರೇ ಮಾತ ಹೇಳಾಕ ಅವಗೇನಾಗಿತ್ತು?”

ಹದಿನಾಲ್ಕು ಅಧ್ಯಾಯ ಮುಗಿದರೂ ಇಬ್ಬರೂ ಆ ಗಂಡಸಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಹೊಳೆಯಪ್ಪ ಹಿಂದಿನ ಪುಟಗಳನ್ನು ತಿರುವಿ, ಅವನು ಎಲ್ಲೆಲ್ಲಿ ಬರುತ್ತಾನೆಂದು ಹುಡುಕತೊಡಗಿದ.