ಗೆಳೆಯನ ಕೈ ಕಟ್ಟಿ ತೆಗೆದ ಗರುಡನ ಫೋಟೋ

ಕಳೆದ ತಿಂಗಳು ಸಿರುಗುಪ್ಪದ ಹೊಳೆಯ ದಂಡೆಯಲ್ಲಿ ನಾನು ನನ್ನ ಗೆಳೆಯ ವೆಂಕೋಬನ ಎರಡೂ ಕೈಗಳನ್ನು ಅವನದೇ ರುಮಾಲಿನಿಂದ ಬಿಗಿಯಾಗಿ ಕಟ್ಟಿದೆ.

ಕಟ್ಟು ಎಂದು ಕೇಳಿಕೊಂಡವನೂ ಅವನೇ. "ಇನ್ನೊಂದು ಸುತ್ತು ಹಾಕಲೇ, ಸಡ್ಲ ಐತಿ" ಎಂದವನೂ ಅವನೇ. ಬಟ್ಟೆ ಒಗೆಯಲು ಬಂದಿದ್ದ ಇಬ್ಬರು ಹೆಂಗಸರು ಕೆಲಸ ಬಿಟ್ಟು ನೋಡುತ್ತ ನಿಂತರು. ಒಬ್ಬಳು ಇನ್ನೊಬ್ಬಳಿಗೆ ತೆಲುಗಿನಲ್ಲಿ, "ದೊಂಗ ಅನುಕುಂಟಾನೇ" ಎಂದಳು. ಕಳ್ಳನಂತೆ! ಕಚೇರಿಯ ಗುಮಾಸ್ತ, ಮೈಮೇಲೆ ಕೋಟು ಬೇರೆ. (ಹಾಗಾದರೆ ನನ್ನನ್ನು ಪೊಲೀಸನೆಂದುಕೊಂಡಳಲ್ಲ ಎಂದು ನನಗೆ ಒಳಗೊಳಗೇ ಖುಷಿ.)

ಇಷ್ಟಕ್ಕೆಲ್ಲ ಕಾರಣ ಒಂದು ಹಕ್ಕಿ.

ವೆಂಕೋಬನ ತಾಯಿ ತುಂಗವ್ವನವರನ್ನು ಬ್ರೂಸ್‌ಪೇಟೆಯ ನನ್ನ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ದಿನಾ ಬೆಳಿಗ್ಗೆ ಮಾಳಿಗೆ ಹತ್ತಿ, ಕೋಟೆ ಗುಡ್ಡದ ಕಡೆ ಮುಖ ಮಾಡಿ ನಿಲ್ಲುವರು. ಬಿಳಿ ಕೊರಳಿನ ಗರುಡ ಕಂಡಮೇಲೆ ಕೈ ಮುಗಿದು, ಗಲ್ಲ ಗಲ್ಲ ಬಡಿದುಕೊಂಡು ಇಳಿಯುವರು. ಆಮೇಲೆಯೇ ಊಟ. ಕಾಣದ ದಿನ ಹಾಲು, ಬಾಳೆಹಣ್ಣು. ಮದುವೆಯಾಗಿ ಬಂದಂದಿನಿಂದ ಇದೇ ನೇಮ.

ಈಚೆಗೆ ಬಚ್ಚಲಲ್ಲಿ ಕಾಲು ಜಾರಿ ತೊಡೆಯ ಎಲುಬು ಮುರಿದುಕೊಂಡರು. ನಾಟಿ ವೈದ್ಯ ಬಿದಿರಿನ ದಬ್ಬೆ ಕಟ್ಟಿ, ಅಲುಗಾಡಬಾರದೆಂದು ಹೇಳಿ ನಡುಮನೆಯಲ್ಲಿ ಮಲಗಿಸಿದ. ಆ ನಡುಮನೆಗೆ ಇರುವುದು ಒಂದೇ ಬೆಳಕಿಂಡಿ. ಅದರಲ್ಲಿ ಕಾಣುವುದು ಅಂಗೈಯಗಲದ ಆಕಾಶ. ಅಲ್ಲಿ ಕಾಗೆ ಹೋಯಿತು, ಪಾರಿವಾಳ ಹೋಯಿತು, ಯಾರದೋ ಗಾಳಿಪಟವೂ ಹೋಯಿತು. ಗರುಡ ಮಾತ್ರ ಹೋಗಲಿಲ್ಲ.

ಹಾಲು ಹಣ್ಣಿನಲ್ಲಿ ಮುದುಕಿ ಎಷ್ಟು ದಿನ ಇದ್ದಾಳು? ಕೆನ್ನೆ ಒಳಗೆ ಹೋದವು, ದನಿ ಇಳಿಯಿತು. ವೈದ್ಯನಿಗೆ ಸಿಟ್ಟು ಬಂತು. "ಅನ್ನ ತಿನ್ನದs ಎಲುಬು ಹ್ಯಾಂಗ ಕೂಡತೈತ್ರಿ?" ಎಂದ. ಗೋಡೆಯ ಮೇಲಿದ್ದ ಗರುಡನ ಚಿತ್ರವನ್ನು ತೆಗೆದು ತೋರಿಸಿದ್ದಾಯಿತು. "ಇದಕ್ಕ ಮನುಷ್ಯಾರ ಮಾರಿ ಐತಿ. ಬರೆದಾವ ಗರುಡನ್ನ ನೋಡ್ಯಾನೇನು?" ಎಂದು ತುಂಗವ್ವನವರು ಮುಖ ಆ ಕಡೆ ತಿರುಗಿಸಿದರು.

ಕೊನೆಗೆ ಮನೆಯ ಪುರೋಹಿತರು ತೀರ್ಪು ಕೊಟ್ಟರು. ಫೋಟೋ ಆದರೆ ನಡೆಯುತ್ತದೆ. ಏಕೆಂದರೆ ಅದನ್ನು ಮನುಷ್ಯ ಬರೆಯುವುದಿಲ್ಲ, ಸೂರ್ಯನ ಬೆಳಕೇ ಮೂಡಿಸುತ್ತದೆ. (ಪುರೋಹಿತರು ತಮ್ಮ ಜನ್ಮದಲ್ಲಿ ನೋಡಿರುವುದು ಒಂದೇ ಫೋಟೋ. ಅದೂ ಅವರದೇ.)

ಕ್ಯಾಮರಾ ವೆಂಕೋಬನ ಹತ್ತಿರವೇ ಇತ್ತು. ದಂಡಿನಲ್ಲಿದ್ದ ದೊರೆಯೊಬ್ಬ ವಿಲಾಯತಿಗೆ ಮರಳುವಾಗ ಬಿಟ್ಟುಹೋದ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು, ಕರಿ ಬಟ್ಟೆ. ಮದರಾಸಿನಿಂದ ತರಿಸಿದ್ದ ಗಾಜಿನ ಪ್ಲೇಟುಗಳಲ್ಲಿ ಉಳಿದದ್ದು ನಾಲ್ಕು.

"ಹಕ್ಕಿ ಅಂದ್ರ ಹಕ್ಕಿ. ಅವ್ವ ಉಣ್ಣಲಿ ಅಂತ ಹೊಂಟೀನಿ. ನಾ ಏನ್ ಅದಕ್ಕ ಕೈ ಮುಗಿಯಂಗಿಲ್ಲ" ಎಂದು ವೆಂಕೋಬ ಹೊರಡುವಾಗಲೇ ಹೇಳಿದ. ಇಂಗ್ಲಿಷ್ ಪುಸ್ತಕ ಓದಿ ದೇವರನ್ನು ಕೈಬಿಟ್ಟವನು ಇವನು. ಏಕಾದಶಿಯ ದಿನ ಉಳ್ಳಾಗಡ್ಡಿ ಬಜಿ ತಿಂದದ್ದಲ್ಲದೆ ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದವನು. ತಾಯಿ ಮಗನಿಗೆ ಆ ವಿಷಯದಲ್ಲಿ ಮಾತು ನಿಂತು ಎಷ್ಟೋ ವರ್ಷವಾಗಿತ್ತು.

ಖಾಸಿಂ ಸಾಬನ ಗಾಡಿ ಕಟ್ಟಿಸಿಕೊಂಡು ಮೊದಲು ಕುರುಗೋಡಿಗೆ ಹೋದೆವು. ಗುಡ್ಡದ ಬಂಡೆಯ ಮೇಲೆ ದೊಡ್ಡ ಹದ್ದೊಂದು ಕೂತಿತ್ತು. ನಮ್ಮನ್ನು ಕಂಡು ಹಾರುವ ಬದಲು, ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಕತ್ತು ತಿರುಗಿಸಿ ಇನ್ನಷ್ಟು ನೆಟ್ಟಗೆ ಕೂತಿತು.

"ತೆಗಿ, ತೆಗಿ" ಎಂದೆ.

"ಇದು ಬರೇ ಹದ್ದು. ಕೊಳ್ಳು ಬಿಳಿ ಇಲ್ಲ. ಅವ್ವ ಕಂಡು ಹಿಡೀತಾಳ."

"ಹಕ್ಕಿ ಅಂದ್ರ ಹಕ್ಕಿ ಅಂದಿದ್ದೆಲ್ಲೋ?"

ನಾವು ಪೆಟ್ಟಿಗೆ ಕಟ್ಟಿ ಗಾಡಿ ಹತ್ತುವವರೆಗೂ ಹದ್ದು ಹಾಗೆಯೇ ಕೂತಿತ್ತು. ಅದಕ್ಕೆ ಅವಮಾನವಾಗಿರಬೇಕು. ಗರುಡ ಬೇಕಾದರೆ ನೀರಿರುವಲ್ಲಿಗೆ ಹೋಗಿ ಎಂದು ಊರವರು ಹೇಳಿದರು. ಸಿರುಗುಪ್ಪಕ್ಕೆ ಹೊರಟೆವು.

ಹೊಳೆಯ ನಡುವೆ ಒಂದು ಬಂಡೆ. ಅದರ ಮೇಲೆ ಗರುಡ ಬಂದು ಕೂರುತ್ತಿತ್ತು. ಬಿಳಿ ಕೊರಳು, ಕೆಂಪು ರೆಕ್ಕೆ, ಅನುಮಾನವೇ ಇಲ್ಲ. ವೆಂಕೋಬ ಕರಿ ಬಟ್ಟೆಯೊಳಗೆ ತಲೆ ತೂರಿಸಿ ಫೋಕಸ್ ಮಾಡಿದ. "ಲೇ, ತಲಿಕೆಳಗಾಗಿ ಕಾಣ್ತಾನಲೇ! ಇದರ ಪುಣ್ಯನೂ ತಲಿಕೆಳಗೇನು?" ಎಂಬ ಮಾತು ಬಟ್ಟೆಯೊಳಗಿಂದ ಬಂತು. ಪ್ಲೇಟು ಹಾಕಿದ. ಇನ್ನು ಉಳಿದದ್ದು ಇಷ್ಟೇ. ಲೆನ್ಸಿನ ಮುಚ್ಚಳ ತೆಗೆಯಬೇಕು, ಒಂದು ಎನ್ನಬೇಕು, ಮುಚ್ಚಬೇಕು.

ತೆಗೆದ. ಒಂದು ಎನ್ನಲಿಲ್ಲ. ಕಣ್ಣು ಮುಚ್ಚಿದ, ಮುಚ್ಚಳವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕೈ ಮುಗಿದ, ಗಲ್ಲ ಗಲ್ಲ ಬಡಿದುಕೊಂಡ. ಅತ್ತ ಪ್ಲೇಟು ಬೆಳಕು ಕುಡಿದು ಹಾಳಾಯಿತು.

"ಏನಲೇ ಇದು?"

"ನಾ ಮುಗಿಲಿಲ್ಲಲೇ! ಕೈ ತಾವs ಮುಗಿದ್ವು!"

ಎರಡನೇ ಪ್ಲೇಟಿಗೂ ಇದೇ ಗತಿ. ಕೈ ಕಟ್ಟು ಎಂದು ಅವನು ಕೇಳಿದ್ದು ಆಗ. ಬಿಗಿಯಾಗಿ ಕಟ್ಟಿದಮೇಲೆ ನಮಗೆ ಎರಡು ಸಂಗತಿ ಹೊಳೆದವು. ಕಟ್ಟಿದ ಕೈ ಮುಗಿದ ಕೈಯೇ. ಮತ್ತು ಕಟ್ಟಿದ ಕೈ ಮುಚ್ಚಳ ತೆಗೆಯಲಾರದು. (ನಾವಿಬ್ಬರೂ ಮೆಟ್ರಿಕ್ ಪಾಸಾದವರು.)

ಮುಚ್ಚಳ ನಾನು ಹಿಡಿದೆ. ಗರುಡ ಬಂತು. ಏನು ಹೇಳಲಿ? ನಾನೂ ಅದೇ ಓಣಿಯಲ್ಲಿ, ಅದೇ ತುಂಗವ್ವನವರ ಮಾಳಿಗೆಯಲ್ಲಿ ಆಡಿ ಬೆಳೆದವನು. ಅವರು ನಮ್ಮಿಬ್ಬರ ಪುಟ್ಟ ಕೈಗಳನ್ನು ಹಿಡಿದು ಜೋಡಿಸುತ್ತಿದ್ದರು. ಮೂರನೇ ಪ್ಲೇಟೂ ಹೋಯಿತು.

ಉಳಿದದ್ದು ಒಂದೇ. ಮುಚ್ಚಳ ಖಾಸಿಂ ಸಾಬನ ಕೈಗೆ ಹೋಯಿತು. "ನನಗೇನ್ ತ್ರಾಸ್ರಿ? ಮುಚ್ಚಳ ತೆಗೀತೀನಿ, ಬಿಸ್ಮಿಲ್ಲಾ ಅಂತೀನಿ, ಮುಚ್ಚತೀನಿ" ಎಂದ. ವೆಂಕೋಬನ ಕೈ ಬಿಚ್ಚುವುದನ್ನೂ ಮರೆತು ನಾವು ನೆಮ್ಮದಿಯಿಂದ ಪಕ್ಕಕ್ಕೆ ಸರಿದು ನಿಂತೆವು.

ಗರುಡ ಬಂತು, ಕೂತಿತು, ಖಾಸಿಂ ಸಾಬ್ ಮುಚ್ಚಳಕ್ಕೆ ಕೈ ಹಾಕಿದ. ಅಷ್ಟರಲ್ಲಿ ಅದು ಎದ್ದು, ಹೊಳೆಯ ಮೇಲೆ ಒಂದು ಸುತ್ತು ಹೊಡೆಯಿತು. ಗರುಡ ನೆತ್ತಿಯ ಮೇಲೆ ಸುತ್ತುವುದೆಂದರೆ ಸುಮ್ಮನೆಯೇ? ಅದರ ಕೆಳಗೆ ನಿಲ್ಲಲು ಇಬ್ಬರೂ ಓಡಿದೆವು. ತಲೆಯ ಮೇಲೆ ಕೈ ಎತ್ತಿ ಮುಗಿದೆವು. ಹಿಂದಿನಿಂದ "ಬಿಸ್ಮಿಲ್ಲಾ" ಎಂಬ ದನಿ ಕೇಳಿತು.

"ಆತ್ರೀ!" ಎಂದ ಖಾಸಿಂ ಸಾಬ್. ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿದವನು ಅಲ್ಲಿ ಅವನೊಬ್ಬನೇ.

ಫೋಟೋ ಬಹಳ ಚೆನ್ನಾಗಿ ಬಂದಿದೆ. ಹೊಳೆಯಿದೆ, ಖಾಲಿ ಬಂಡೆಯಿದೆ, ಮೇಲೆ ಖಾಲಿ ಆಕಾಶವಿದೆ. ಮುಂದೆ ಎರಡು ಬೆನ್ನುಗಳು, ಎತ್ತಿದ ನಾಲ್ಕು ಕೈಗಳು.

ವೆಂಕೋಬ ಅದನ್ನು ಹಿಡಿದು ನಡುಮನೆಯ ಬಾಗಿಲಲ್ಲಿ ನಿಂತ. ಒಳಗೆ ಹೋಗುವ ಧೈರ್ಯವಿಲ್ಲ. "ತಾರೋ ಇಲ್ಲಿ" ಎಂದರು ತುಂಗವ್ವನವರು. ಬೆಳಕಿಂಡಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಈ ಬೆನ್ನು ಯಾರದು?"

"ನಂದ್ರೀ" ಎಂದೆ ನಾನು.

"ಇದು?"

"ನಂದವ್ವಾ."

"ಕೈಗೇನು ಸುತ್ಕೊಂಡೀದಿ?"

"ರುಮಾಲು."

"ಬಿಸಿಲಾಗ ತಲಿಗೆ ಸುತ್ಕೊಳ್ಳೋದು ಬಿಟ್ಟು ಕೈಗ್ಯಾಕ?"

"ಹಕ್ಕಿ ಬಂದಿಲ್ಲವ್ವಾ ಇದರಾಗ" ಎಂದ ವೆಂಕೋಬ.

"ಗರುಡನ್ನ ನಾ ದಿನಾ ನೋಡೀನಿ. ನೀ ಕೈ ಮುಗಿದದ್ದ ನಾ ಯಾವಾಗ ನೋಡಿದ್ದೆ?"

ಹಾಗೆಂದವರೇ ಫೋಟೋಗೆ ಕೈ ಮುಗಿದು, ಗಲ್ಲ ಗಲ್ಲ ಬಡಿದುಕೊಂಡು, ಅಡುಗೆಮನೆಯ ಕಡೆ ಕೂಗಿದರು. "ಅನ್ನಕ್ಕ ಇಡ್ರೇ!" ವೆಂಕೋಬ ಗೋಡೆಯ ಕಡೆ ತಿರುಗಿ ನಿಂತ. ನನಗೂ ಕಣ್ಣು ತುಂಬಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅಂದಿನಿಂದ ಎರಡು ಹೊತ್ತೂ ಉಣ್ಣುತ್ತಿದ್ದಾರೆ. ಎಲುಬು ಕೂಡುತ್ತಿದೆ ಎಂದು ವೈದ್ಯ ಹೇಳಿದ. ಸುದ್ದಿ ಪೇಟೆಯಲ್ಲೆಲ್ಲ ಹಬ್ಬಿ, ಮಾಳಿಗೆ ಹತ್ತಲಾರದ ಮುದುಕ ಮುದುಕಿಯರೆಲ್ಲ ಬೆಳಿಗ್ಗೆ ಎದ್ದು ಆ ನಡುಮನೆಗೆ ಬರುತ್ತಾರೆ. ಪುರೋಹಿತರಿಗಂತೂ ಗರುಡ ಫೋಟೋದ ಎಡಮೂಲೆಯಲ್ಲಿ ಸ್ಪಷ್ಟವಾಗಿ ಕಂಡಿದ್ದಾನೆ. (ಅದು ವೆಂಕೋಬನ ಹೆಬ್ಬೆರಳಿನ ಕಲೆ.)

ನನ್ನ ಹೆಂಡತಿಯೂ ಹೋಗಿ ಬಂದಳು. "ಗರುಡ ಕಂಡನೇನು?" ಎಂದು ಕೇಳಿದೆ. "ಅದು ಗೊತ್ತಿಲ್ರಿ. ನಿಮ್ಮ ಅಂಗಿ ಬೆನ್ನಮ್ಯಾಲೆ ಗೇಣುದ್ದ ಹರಿದೈತಿ" ಎಂದಳು.

ಅಂಗಿಗೆ ಮರುದಿನವೇ ಹೊಲಿಗೆ ಹಾಕಿಸಿದೆ. ದಿನಾ ಬೆಳಿಗ್ಗೆ ಅರ್ಧ ಬ್ರೂಸ್‌ಪೇಟೆ ಕೈ ಮುಗಿಯುತ್ತಿರುವ ಆ ಹರಕಿಗೆ ಹೊಲಿಗೆ ಹಾಕುವವರು ಯಾರು?