ಗೊಲ್ಲಾಳಮ್ಮ ಕೈ ಮಾಡಿದ್ದು

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರಿಕೆ ಮಾಡಿದ ಮನುಷ್ಯ ನಿವೃತ್ತನಾದ ಮೇಲೆ ಏನು ಮಾಡಬೇಕು? ಕಾಲು ಚಾಚಿ ಮಲಗಬೇಕು, ಬೇಜಾರಾದರೆ ಗುಡಿಯ ಕಟ್ಟೆಗೆ ಹೋಗಿ ಹರಟೆ ಹೊಡೆಯಬೇಕು. ಯಾದಗಿರಿಯ ಬಸವಂತ್ರಾಯ ಅದೆಲ್ಲ ಬಿಟ್ಟು ಯಾರೋ ಮೂಲೆಗೆ ಹಾಕಿದ್ದ ಒಂದು ಕರೀ ಸೈಕಲ್ ಕೊಂಡು ತಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಓಣಿಯವರು ಸುಮ್ಮನಿರುತ್ತಿದ್ದರೇನೋ. "ಭೀಮಾದಿಂದ ಕೃಷ್ಣಾತನಕ ಸೈಕಲ್ ಮ್ಯಾಲ ಹೋಗ್ತೀನಿ, ಊರೆಲ್ಲಾ ನೋಡಿ ಬರ್ತೀನಿ" ಎಂದು ಸಾರಿಬಿಟ್ಟ. ಓಣಿಗೆ ಓಣಿಯೇ ನಕ್ಕಿತು.

ನಕ್ಕರೆ ನಗಲಿ ಬಿಡಿ. ಅವನ ಮಾತಿನಲ್ಲೂ ಅರ್ಥವಿತ್ತು. "ದೋರನಹಳ್ಳಿ ಯಾರ್ರೀ, ಜಲ್ದಿ ಇಳೀರಿ" ಎಂದು ಮೂವತ್ತೊಂದು ವರ್ಷ ಊರವರನ್ನೆಲ್ಲ ಇಳಿಸಿದವನು ತಾನು ಮಾತ್ರ ಯಾವ ಊರಲ್ಲೂ ಇಳಿದವನಲ್ಲ. ಊರ ಹೆಸರು ಗೊತ್ತು, ಟಿಕೆಟ್ ದರ ಗೊತ್ತು, ಊರು ಗೊತ್ತಿಲ್ಲ. ಇದಕ್ಕಿಂತ ತಮಾಷೆ ಬೇಕೆ?

ಆದರೆ ಹೆಂಡತಿ ಚಂದ್ರಕಲಾ ಈ ಕಾರಣವನ್ನು ನಂಬುವ ಪೈಕಿಯವಳಲ್ಲ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟುತ್ತಲೇ ಬಾಯಿ ಬಿಟ್ಟಳು.

"ನನ್ನ ಕಣ್ಣಿಗಿ ಮಣ್ಣು ಹಾಕಬ್ಯಾಡ್ರಿ. ಊರು ನೋಡಾಕ ಹೊಂಟಿಲ್ಲ ನೀವು, ದ್ರಾಕ್ಷಿ ತ್ವಾಟಕ್ಕ ಹೊಂಟೀರಿ. ಏಳು ತಿಂಗಳಾತು, ನಿದ್ದಿಯೊಳಗೂ ಸೀಟಿ ಊದಾಕತ್ತೀರಿ. ಹೋಗ್ರಿ, ಹೋಗಿ ಆಕಿ ಕೈಲೆ ಒಮ್ಮಿ ಬೈಸ್ಕೊಂಡು ಬರ್ರಿ. ನನಗಾದ್ರೂ ನಿದ್ದಿ ಬರ್ತದ."

ಬಸವಂತ್ರಾಯ ಸಿಕ್ಕಿಬಿದ್ದ ಕಳ್ಳನಂತೆ ಟೈರಿಗೆ ಗಾಳಿ ಹಾಕುತ್ತ ಕುಳಿತ.

ಸಂಗತಿ ಹೀಗಿತ್ತು. ಸುರಪುರ ದಾಟಿ ತಿಂಥಣಿ ಕಡೆ ಹೋಗುವ ರಸ್ತೆಯಲ್ಲಿ, ಕೃಷ್ಣೆಯ ತಂಪು ಗಾಳಿ ಮುಖಕ್ಕೆ ಬಡಿಯುವಲ್ಲಿ, ಗೊಲ್ಲಾಳಮ್ಮ ಎಂಬಾಕೆಯ ನಾಲ್ಕು ಎಕರೆ ದ್ರಾಕ್ಷಿ ತೋಟವಿದೆ. ಅಲ್ಲಿ ಸ್ಟಾಪಿಲ್ಲ. ಬೋರ್ಡಿಲ್ಲ, ಕಟ್ಟೆಯಿಲ್ಲ, ಒಂದು ಬೇವಿನ ಮರ ಮಾತ್ರ. ಹದಿನಾರು ವರ್ಷದ ಹಿಂದೆ ಒಂದು ದಿನ ಆಕೆ ತಲೆಯ ಮೇಲೆ ಬದನೆಕಾಯಿ ಬುಟ್ಟಿ ಹೊತ್ತು ಮರದ ಕೆಳಗೆ ನಿಂತು ಕೈ ಮಾಡಿದಳು. ಬಸವಂತ್ರಾಯ ಸೀಟಿ ಊದಿದ, ಬಸ್ಸು ನಿಂತಿತು. ಅವತ್ತಿನಿಂದ ಅದೇ ಸ್ಟಾಪು. ಸಂತೆಯ ದಿನ ಆಕೆ ಕೈ ಮಾಡುವುದು, ಇವನು ಸೀಟಿ ಊದುವುದು. ಸ್ಟಾಪಿಲ್ಲದಲ್ಲಿ ನಿಲ್ಲಿಸಿದ್ದಕ್ಕೆ ಎರಡು ಸಲ ಮೆಮೋ ಬಂದರೂ ಅವನು ಊದುವುದನ್ನು ಬಿಡಲಿಲ್ಲ.

ಹಣ್ಣಿನ ಕಾಲಕ್ಕೆ ಆಕೆ ಒಂದು ಗೊಂಚಲು ತಂದು ಕೊಡುತ್ತಿದ್ದಳು. ಅದೂ ಎಂಥ ಗೊಂಚಲು! ಹಣ್ಣು ಸಣ್ಣದು, ಕರ್ರಗಿನದು, ಸಿಪ್ಪೆ ದಪ್ಪ, ಒಳಗೆಲ್ಲ ಬೀಜ. "ಚೊಲೋ ಹಣ್ಣು ಪ್ಯಾಟಿಗೆ, ಬೀಜದ ಹಣ್ಣು ಕಂಡಕ್ಟರಗ!" ಎಂದು ಇವನು ಎಲ್ಲರೆದುರೇ ಚೇಷ್ಟೆ ಮಾಡುತ್ತಿದ್ದ. ಆಕೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಇವನು ನಾಲ್ಕು ಹಣ್ಣು ಅಗಿದು, ಕಿಟಕಿಯಾಚೆ ಬೀಜ ಉಗುಳಿ, ಮಿಕ್ಕಿದ್ದನ್ನು ಡ್ರೈವರ್ ನಸೀರುದ್ದೀನನ ಕೈಗೆ ದಾಟಿಸುತ್ತಿದ್ದ.

ಹೋದ ಜುಲೈ ಮೂವತ್ತೊಂದು, ನೌಕರಿಯ ಕಡೆಯ ದಿನ. ಬಸ್ಸಿಗೆ ಚೆಂಡುಹೂವಿನ ಮಾಲೆ, ಕಂಡಕ್ಟರನ ಕೊರಳಿಗೂ ಒಂದು. ಮುಂದಿನ ಸೀಟಿನಲ್ಲಿ ಟಿಕೆಟ್ ತಪಾಸಣೆಯ ಸಾಹೇಬರು. ಬೇವಿನ ಮರ ಹತ್ತಿರ ಬಂತು. ಗೊಲ್ಲಾಳಮ್ಮ ನಿಂತು ಕೈ ಮಾಡುತ್ತಿದ್ದಳು. ಬಸವಂತ್ರಾಯ ಸೀಟಿಯನ್ನು ಬಾಯಿಗಿಟ್ಟುಕೊಂಡ. ಸಾಹೇಬರ ಬೋಳು ತಲೆ ನೋಡಿದ. ಕಡೆಯ ದಿನ ಮೆಮೋ ತಗೊಂಡು ಮನೆಗೆ ಹೋಗುವುದೆ? ಊದಲಿಲ್ಲ. ಮುಖ ತಿರುಗಿಸಿ ಚೀಲದೊಳಗೆ ಏನೋ ಹುಡುಕುವವನಂತೆ ಮಾಡಿದ. ಬಸ್ಸು ಹೊರಟೇ ಹೋಯಿತು. ಹಿಂದಿನ ಗಾಜಿನಲ್ಲಿ ನೋಡಿದರೆ ಧೂಳಿನ ನಡುವೆ ಆ ಕೈ ಇನ್ನೂ ಮೇಲೇ ಇತ್ತು.

ಹದಿನಾರು ವರ್ಷ ನಿಲ್ಲಿಸಿದ್ದು ಯಾರಿಗೆ ನೆನಪಿರುತ್ತದೆ? ನಿಲ್ಲಿಸದ ಒಂದು ದಿನ ನೆನಪಿರುತ್ತದೆ. ಅವನಿಗಂತೂ ಮರೆಯಲಾಗಲಿಲ್ಲ. ಆಕೆ ಅವತ್ತು ಸುರಪುರದ ತನಕ ನಡೆದಳೋ, ಬದನೆಕಾಯಿ ಬಾಡಿತೋ ಎಂದು ಊಟಕ್ಕೆ ಕುಳಿತಾಗಲೂ ಅದೇ ಯೋಚನೆ. ಬಸ್ಸಿನಲ್ಲಿ ಹೋಗಿ ಒಂದು ಮಾತು ಹೇಳಿ ಬರಬಹುದಿತ್ತು. ಆದರೆ ಯಾವ ಬಸ್ಸಿನಿಂದ ಮುಖ ತಿರುಗಿಸಿದ್ದನೋ ಅದೇ ಬಸ್ಸಿನಿಂದ ಆಕೆಯೆದುರು ಇಳಿಯಲು ಅವನಿಗೆ ನಾಚಿಕೆ. ತನ್ನ ಕಾಲಲ್ಲೇ ತುಳಿದುಕೊಂಡು ಹೋಗಬೇಕು ಎಂದು ಹಟ.

ಫೆಬ್ರವರಿ ಕಡೆಯ ಒಂದು ಮುಂಜಾನೆ ಕೊರಳಿಗೆ ಹಳೆಯ ಸೀಟಿ ನೇತುಹಾಕಿಕೊಂಡು ಹೊರಟ. ಭೀಮಾ ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ ಇಣುಕಿದ. ಅಬ್ಬಾ, ಕೆಳಗೆ ಬಂಡೆಗಳ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಬೆಳ್ಳಕ್ಕಿಗಳಿದ್ದವು, ಒಬ್ಬ ಬಲೆ ಬಿಡಿಸುತ್ತ ಕುಳಿತಿದ್ದ. ಸಾವಿರಾರು ಸಲ ದಾಟಿದ ಸೇತುವೆ, ಆಗೆಲ್ಲ ಚಿಲ್ಲರೆ ಎಣಿಸುತ್ತಿದ್ದ! ಹೊಲಗಳಲ್ಲಿ ಕೆಂಪು ಮೆಣಸಿನಕಾಯಿ ಒಣಗಲು ಹಾಕಿದ್ದರು, ಘಾಟಿಗೆ ಸೀನುತ್ತ ಸೀನುತ್ತ ಪೆಡಲ್ ತುಳಿದ. ಏರು ಬಂದಾಗ ಇಳಿದು ತಳ್ಳಿದ. ಮತ್ತೆ ಹತ್ತುವಾಗ ತನಗೆ ತಾನೇ "ರೈಟ್, ರೈಟ್" ಎಂದುಕೊಂಡ. ದೋರನಹಳ್ಳಿಯಲ್ಲಿ ಇಳಿದೇಬಿಟ್ಟು ಎರಡು ಮಿರ್ಚಿ ಭಜಿ ತಿಂದ. ಖುಷಿಯೋ ಖುಷಿ.

ಶಹಾಪುರದ ಗುಡ್ಡ ದಾಟಿ ಗೋಗಿಗೆ ತಿರುಗಿದ. ಅಲ್ಲಿ ನಸೀರುದ್ದೀನನ ಮನೆ. ಅವನೂ ನಿವೃತ್ತನಾಗಿ ಎರಡು ಎಮ್ಮೆ ಕಟ್ಟಿಕೊಂಡು ಆರಾಮಾಗಿದ್ದ. ಸೈಕಲ್ ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಚಹಾ ಕುಡಿಯುವಾಗ ಬಸವಂತ್ರಾಯ ಗೊಲ್ಲಾಳಮ್ಮನ ಸುದ್ದಿ ತೆಗೆದದ್ದೇ ಅವನ ನಗು ನಿಂತಿತು.

"ಅವತ್ತ ನಾ ಬ್ರೇಕಿನ ಮ್ಯಾಲ ಕಾಲ ಇಟ್ಟಿದ್ದೆ ದೋಸ್ತ. ಕನ್ನಡಿಯೊಳಗ ನಿನ್ನ ಮಾರಿ ನೋಡಿದೆ. ಸೀಟಿ ಬಾಯಾಗಿತ್ತು, ಊದಲಿಲ್ಲ ನೀ."

"ನೀನರ ನಿಂದ್ರಸಬೇಕಿಲ್ಲೇನು?"

"ಅರೆ ವಾ! ಸೀಟಿ ನಿಂದು, ತಪ್ಪು ನಂದಾ? ಹೋಗು, ಬೈದ್ರ ಬೈಸ್ಕೋ. ಬೈಗುಳ ಏನು ಮೈಗಿ ಹತ್ತತಾವ?" ಎಂದು ನಸೀರುದ್ದೀನ ಎದ್ದು ಹೋಗಿ ಸೈಕಲ್ಲಿನ ಚೈನಿಗೆ ತಾನೇ ಎಣ್ಣೆ ಬಿಟ್ಟ.

ಮರುದಿನ ಸುರಪುರದಲ್ಲಿ ಒಂದು ಗುಡಿಯಲ್ಲಿ ಉಳಿದು, ಮೂರನೆಯ ದಿನ ಬಿಸಿಲೇರುವ ಮೊದಲು ಬಸವಂತ್ರಾಯ ಬೇವಿನ ಮರದ ಹತ್ತಿರ ಬಂದ. ಸೈಕಲ್ ತಿರುಗಿಸಿಕೊಂಡು ಹೋಗಿಬಿಡಲೇ ಎಂದೂ ಅನ್ನಿಸಿತು. ಅಷ್ಟರಲ್ಲಿ ಬಳ್ಳಿಯ ಸಾಲಿನೊಳಗಿಂದ ಕತ್ತರಿ ಹಿಡಿದುಕೊಂಡು ಗೊಲ್ಲಾಳಮ್ಮನೇ ಬಂದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಯಪ್ಪಾ, ಕಂಡಕ್ಟರ್ ಅಣ್ಣಾರು! ಇಳೀರಿ, ಜಲ್ದಿ ಇಳೀರಿ! ನಮ್ಮ ಮಾರಿ ನೆನಪೈತಲ್ಲ ಇನ್ನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವ ಮೊದಲೇ ಬಸವಂತ್ರಾಯ ಒದರಿಬಿಟ್ಟ.

"ತಂಗೆವ್ವಾ, ತಪ್ಪಾತು. ಅವತ್ತ ನೀ ಕೈ ಮಾಡಿದ್ದು ನಾ ನೋಡೀನಿ. ಖರೇ ಹೇಳತೀನಿ, ನೋಡಿನೂ ಬಸ್ ನಿಂದ್ರಸಲಿಲ್ಲ. ಸಾಹೇಬ ಕುಂತಿದ್ದ, ಹೆದರಿದೆ. ನಿನ್ನ ಸಂತಿ ಹಾಳಾತು."

ಗೊಲ್ಲಾಳಮ್ಮ ಕತ್ತರಿ ಹಿಡಿದುಕೊಂಡೇ ಅವನನ್ನು ಪಿಳಿಪಿಳಿ ನೋಡಿದಳು.

"ಯಾವ ಸಂತಿ ಅಣ್ಣಾರ? ಅವತ್ತ ಸಂತಿ ಎಲ್ಲಿತ್ತು? ನನ್ನ ತಲಿ ಮ್ಯಾಲ ಬುಟ್ಟಿ ಇತ್ತೇನು?"

ಬಸವಂತ್ರಾಯ ನೆನಪು ಮಾಡಿಕೊಂಡ. ಕೈ ನೆನಪಿತ್ತು. ಬುಟ್ಟಿ? ಇರಲಿಲ್ಲ. ಚೀಲವೂ ಇರಲಿಲ್ಲ. ಮನುಷ್ಯರಿಗಿಂತ ಮೊದಲು ಲಗೇಜು ನೋಡುವ ಕಂಡಕ್ಟರ್ ಅವತ್ತೊಂದು ದಿನ ಲಗೇಜು ನೋಡಿರಲಿಲ್ಲ.

"ಕಡೀ ದಿನ ಅಂತ ನೀವ ಹೇಳಿದ್ರಿ. ಹೋಗಿ ಬರ್ರಿ ಅಂತ ಕೈ ಮಾಡಾಕ ನಿಂತಿದ್ದೆ ನಾನು. ಬಸ್ ಹತ್ತಾಕಲ್ಲ."

ಏಳು ತಿಂಗಳು! ರಸ್ತೆ ಬದಿಯಲ್ಲಿ ಮೇಲೆದ್ದ ಕೈಗೆಲ್ಲ ಒಂದೇ ಅರ್ಥ ಕಲಿತಿದ್ದ ಮನುಷ್ಯ. ಮೂವತ್ತೊಂದು ವರ್ಷದಲ್ಲಿ ಸಾವಿರ ಸಾವಿರ ಕೈ ನೋಡಿದ್ದ, ಎಲ್ಲವೂ ಬಸ್ಸಿಗೆ. ತನಗೂ ಒಬ್ಬರು ಕೈ ಮಾಡಬಹುದು ಎಂಬುದು ಅವನ ತಲೆಗೇ ಹೊಳೆದಿರಲಿಲ್ಲ. ಅವನ ಕಣ್ಣು ತುಂಬಿ ಬಂತು. ಧೂಳು ಹೊಕ್ಕಿತು ಎಂದು ಟವೆಲಿನಿಂದ ಒರೆಸಿಕೊಂಡ.

"ಸಿಟ್ಟು ಬಂದಿದ್ದು ಮಾತ್ರ ಖರೇ," ಎಂದಳು ಗೊಲ್ಲಾಳಮ್ಮ. "ಬಸ್ ನಿಂದ್ರಲಿಲ್ಲ ಅಂತಲ್ಲ. ತಿರುಗಿ ಕೈ ಮಾಡಲಿಲ್ಲಲ್ಲ, ಅದಕ್ಕ. ಹಾರ ಬಿದ್ದ ಕೂಡ್ಲೆ ಅಣ್ಣಾರಿಗೆ ದಿಮಾಕು ಬಂತು ಅಂದ್ಕೊಂಡೆ. ಬರ್ರಿ ಒಳಗ, ಬಿಸಿಲಾಗ ನಿಂತು ಅಳಬ್ಯಾಡ್ರಿ."

ಬಳ್ಳಿಯ ಚಪ್ಪರದ ಕೆಳಗೆ ನೆರಳು ತಣ್ಣಗಿತ್ತು. ಆಕೆಯ ಗಂಡ, ಸೊಸೆ ಎಲ್ಲ ಆಚೆ ಸಾಲಿನಲ್ಲಿ ಹಣ್ಣು ಕೊಯ್ದು ಕ್ರೇಟಿಗೆ ತುಂಬುತ್ತಿದ್ದರು. ಗೊಲ್ಲಾಳಮ್ಮ ಒಂದು ಗೊಂಚಲು ಕತ್ತರಿಸಿ ಅವನ ಕೈಗಿಟ್ಟಳು. ಅದೇ ಸಣ್ಣ ಕರೀ ಹಣ್ಣು, ಅದೇ ಬೀಜ.

"ಇದು ವೈನ್ ಮಾಡೂ ಹಣ್ಣು ಅಣ್ಣಾರ. ವಿಜಯಪುರದ ಕಡಿಂದ ಲಾರಿ ಬರ್ತೈತಿ. ಒಂದು ಗೊಂಚಲ ಕಡಿಮಿ ಆದ್ರೂ ನಮ್ಮ ಮನ್ಯಾವ್ರು ಮಾರಿ ಗಂಟ ಹಾಕತಾರ. ಅದರಾಗ ಚೊಲೋದು ಆರಿಸಿ ನಿಮಗ ಕೊಡ್ತಿದ್ದೆ."

"ಹಂಗಾರ ಹದಿನಾರು ವರ್ಷ ನಾ ವೈನ್ ತಿಂದೀನೇನು?"

"ತಿಂದೀರಿ. ತಿಂದು ಉಗುಳೀರಿ!"

ಇಬ್ಬರೂ ನಕ್ಕರು. ಬಿಸಿಲು ಕುಡಿದ ಹಣ್ಣು ಬೆಚ್ಚಗಿತ್ತು, ಬೆಲ್ಲದಷ್ಟು ಸಿಹಿ. ಅವಸರವಿಲ್ಲದೆ, ಒಂದೊಂದೇ ಬಿಡಿಸಿ, ಈ ಸಲ ಬಸವಂತ್ರಾಯ ಇಡೀ ಗೊಂಚಲು ತಾನೇ ತಿಂದ. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ ಹಾಕಿದರು. ಉಂಡು, ನದಿಯ ತನಕ ಹೋಗಿ ಕೃಷ್ಣೆಗೆ ಕೈಮುಗಿದು ಬಂದ. ಚಂದ್ರಕಲಾಗೆಂದು ಎರಡು ಗೊಂಚಲು ಕಟ್ಟಿಸಿಕೊಂಡು ಸೈಕಲ್ ಹತ್ತಿದ.

ಇಪ್ಪತ್ತು ಮಾರು ಹೋಗಿರಬಹುದು. ತಿರುಗಿ ನೋಡಿದರೆ ಬೇವಿನ ಮರದ ಕೆಳಗೆ ಗೊಲ್ಲಾಳಮ್ಮ ಕೈ ಮಾಡುತ್ತಿದ್ದಳು. ಮೂವತ್ತೊಂದು ವರ್ಷದ ರೂಢಿ ಎಲ್ಲಿ ಬಿಡುತ್ತದೆ? ಅವನ ಕೈ ತಾನಾಗಿ ಬ್ರೇಕ್ ಹಿಡಿಯಿತು, ಕಾಲು ನೆಲ ಮುಟ್ಟಿತು.

"ಅಯ್ಯ, ಮತ್ತ ಯಾಕ ನಿಂತ್ರಿ?" ಗೊಲ್ಲಾಳಮ್ಮ ಅಲ್ಲಿಂದಲೇ ಕೂಗಿದಳು. "ಹೋಗ್ರೀ! ರೈಟ್, ರೈಟ್!"

ಬಸವಂತ್ರಾಯ ಬಸ್ಸು ಹೊರಡಿಸುವಾಗಿನಂತೆ ಜೋರಾಗಿ ಎರಡು ಸೀಟಿ ಊದಿದ. ಆಮೇಲೆ ಸೈಕಲ್ ಹೊಯ್ದಾಡಿದರೂ ಲೆಕ್ಕಿಸದೆ, ರಸ್ತೆ ತಿರುವಿನಲ್ಲಿ ಮರ ಮರೆಯಾಗುವ ತನಕ, ತಾನೂ ಕೈ ಮಾಡುತ್ತಲೇ ಹೋದ.