ಐವತ್ತರಿಂದ ಹತ್ತಕ್ಕೆ

ಹಳೆಯ ಸ್ಕೂಟರ್ ಮಾರುವ ಮುನ್ನ ಅದರ ಡಿಕ್ಕಿ ಖಾಲಿ ಮಾಡುತ್ತಿದ್ದೆ. ಮಳೆಕೋಟಿನ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಜೆರಾಕ್ಸ್ ಹಾಳೆಯೊಂದು ಸಿಕ್ಕಿತು. ಚರ್ಚಿನ ಭಾನುವಾರದ ಪೂಜೆಯಲ್ಲಿ ಬೈಬಲಿನಿಂದ ಓದುವ ಮೊದಲನೆಯ ವಾಚನ. ಸಾಲುಗಳ ನಡುವೆ ಪೆನ್ಸಿಲ್ ಗೀಟುಗಳಿದ್ದವು. ಒಂದು ಗೀಟೆಂದರೆ ಉಸಿರು, ಎರಡು ಗೀಟೆಂದರೆ ನಿಲುಗಡೆ. ಅವು ಉಪದೇಶಿ ಮೇಷ್ಟ್ರು ಎಳೆದವು. ಅವುಗಳ ಮೇಲೆ ಅರ್ಧ ಹಾಳೆಯನ್ನು ಹೊಡೆದುಹಾಕಿದ ಕೆಂಪು ಶಾಯಿ ನನ್ನದು.

ಮೇಲೂರಿನಾಚೆ, ರೇಷ್ಮೆ ಸಾಕುವ ನಮ್ಮ ಹಳ್ಳಿಯಲ್ಲಿ ಒಂದು ಸಣ್ಣ ಚರ್ಚಿದೆ. ಶಾಲೆಯಿಂದ ನಿವೃತ್ತರಾದ ಮೇಷ್ಟ್ರು ಅಲ್ಲಿ ಉಪದೇಶಿಯಾಗಿದ್ದರು. ಮಕ್ಕಳಿಗೆ ಧರ್ಮಪಾಠ ಹೇಳುವುದು, ಫಾದರ್ ಇಲ್ಲದ ದಿನ ಪ್ರಾರ್ಥನೆ ನಡೆಸುವುದು ಅವರ ಕೆಲಸ. ಭಾನುವಾರ ಯಾರು ಏನು ಓದಬೇಕೆಂಬುದೂ ಅವರದೇ ತೀರ್ಮಾನ.

ನಾನಾಗ ಚಿಕ್ಕಬಳ್ಳಾಪುರದಲ್ಲಿ ವರದಿಗಾರ; ಭಾನುವಾರ ಊರಿಗೆ ಬಂದು ಓದುವವರಲ್ಲಿ ನಾನೂ ಒಬ್ಬ. ಶನಿವಾರ ಸಂಜೆ, ಸರಿಯಾಗಿ ಪತ್ರಿಕೆಯ ಪುಟ ಕಟ್ಟುವ ಹೊತ್ತಿಗೆ ಅವರ ಫೋನ್ ಬರುತ್ತಿತ್ತು. ಮರುದಿನದ ವಾಚನವನ್ನು ನಾನು ಫೋನಿನಲ್ಲೇ ಓದಿ ಒಪ್ಪಿಸಬೇಕು. ಸಹೋದ್ಯೋಗಿಗಳು ಟೈಪು ಮಾಡುವುದನ್ನು ನಿಲ್ಲಿಸಿ ಕೇಳುತ್ತಿದ್ದರು. "ಏಮಯ್ಯಾ, ಮತ್ತೆ ಪ್ರೆಸ್‌ಮೀಟ್ ತರ ಓದ್ತೀಯಲ್ಲ. ಇನ್ನೊಂದ್ಸಲ ಓದು," ಎನ್ನುತ್ತಿದ್ದರು ಮೇಷ್ಟ್ರು. ನಾನು ಕರೆ ಕಡಿದರೆ ಕಚೇರಿಯ ಫೋನಿಗೇ ಮಾಡುತ್ತಿದ್ದರು. ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು, ಇವತ್ತು ಏನು ಓದಿದರು ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಉತ್ತರ ಬಾರದ ಹೆಂಗಸರು ಪಕ್ಕದ ಬಾಗಿಲು ಹುಡುಕಿಕೊಂಡರು. ಮುಂದಿನ ವಾರ ಆ ಬಾಗಿಲಿಗೆ ಬೀಗ ಬಿದ್ದಿತ್ತು. ಮಂತ್ರಿಗಳ ಭಾಷಣವನ್ನು ಅಕ್ಷರಶಃ ಒಪ್ಪಿಸಬಲ್ಲ ನಾನೂ ಎಷ್ಟೋ ಸಲ ಪ್ರವಾದಿಯ ಹೆಸರೇ ನೆನಪಾಗದೆ ಅವರೆದುರು ನಿಂತದ್ದುಂಟು.

ಆ ವರ್ಷ ಅವರ ತಲೆಯಲ್ಲಿ ಒಂದೇ ಚಿಂತೆ. ಪಟ್ಟಣದಿಂದ ಬರುತ್ತಿದ್ದ ಫಾದರ್‌ಗೆ ನಮ್ಮಂಥ ಚರ್ಚುಗಳು ನಾಲ್ಕಿದ್ದವು. ಐವತ್ತು ಜನ ಸೇರದಿದ್ದರೆ ವಾರದ ಪೂಜೆ ನಿಲ್ಲಿಸಿ, ತಿಂಗಳಿಗೊಮ್ಮೆ ಬರುತ್ತೇನೆ ಎಂದಿದ್ದರು. ಮೇಷ್ಟ್ರು ಬಸ್ಸು ಹತ್ತಿ ಹೋಗಿ ನಲವತ್ತಕ್ಕೆ ಒಪ್ಪಿಸಿದರು. ಮತ್ತೆ ಹೋಗಿ ಮೂವತ್ತಕ್ಕೆ ಇಳಿಸಿದರು. ಮೂರನೆಯ ಸಲ ಹೋದಾಗ, ಬರುವ ಭಾನುವಾರ ಪೂಜೆಯ ನಂತರ ಕೊನೆಯ ಮಾತು ಹೇಳುತ್ತೇನೆಂದು ಫಾದರ್ ಸಾಗಹಾಕಿದರಂತೆ. ಫಾದರ್ ಒಳ್ಳೆಯ ಮನುಷ್ಯ. ಅವರ ದಣಿವೂ ನಿಜವೇ.

ಆ ಭಾನುವಾರ ಬಂದ ವಾಚನ, ದೇವರು ನಾಶಮಾಡಹೊರಟ ಸೊದೋಮ್ ಪಟ್ಟಣವನ್ನು ಉಳಿಸಲು ಅಬ್ರಹಾಮ ಆತನೊಡನೆ ಚೌಕಾಸಿಗಿಳಿಯುವ ಭಾಗ. ಊರಲ್ಲಿ ಐವತ್ತು ಮಂದಿ ಸಜ್ಜನರಿದ್ದರೆ ಉಳಿಸುತ್ತೀಯಾ ಎಂದು ಶುರುಮಾಡಿ, ನಲವತ್ತೈದು, ನಲವತ್ತು, ಮೂವತ್ತು, ಇಪ್ಪತ್ತು ಎನ್ನುತ್ತ ಹತ್ತಕ್ಕೆ ತಂದು ನಿಲ್ಲಿಸುತ್ತಾನೆ. ಅದನ್ನು ಯಾರೂ ಆರಿಸಿದ್ದಲ್ಲ. ಮೂರು ವರ್ಷಕ್ಕೊಮ್ಮೆ ಸರದಿಯ ಪ್ರಕಾರ ಬರುತ್ತದೆ. ಮೇಷ್ಟ್ರಿಗೆ ಮಾತ್ರ ಅದು ಬರೀ ಸರದಿ ಎನಿಸಲಿಲ್ಲ. ಆ ಶನಿವಾರ ಮೂರು ಸಲ ಫೋನ್ ಮಾಡಿದರು.

"ನಾಳೆ ಫಾದರ್ ಸ್ವಾಮಿಗಳು ಒಂದೊಂದು ಮೆಟ್ಲೂ ಕೇಳಿಸ್ಕೋಬೇಕು ಕಣಪ್ಪ. ನಾನು ಕೇಳಿದ್ರೆ ಹಟ ಅಂತಾರೆ. ಪುಸ್ತಕಾನೇ ಕೇಳಿದ್ರೆ ಏನಂತಾರೆ?"

ಭಾನುವಾರ ಮಧ್ಯಾಹ್ನ ಗೌರಿಬಿದನೂರಿನಲ್ಲಿ ನನಗೊಂದು ಪತ್ರಿಕಾಗೋಷ್ಠಿ ಇತ್ತು. ಫಾದರ್ ತಡವಾಗಿ ಬಂದರು. ನಾನು ಪೀಠದ ಪಕ್ಕದ ಕೋಣೆಯಲ್ಲಿ ಹಾಳೆ ಬಿಡಿಸಿದೆ. ಒಂದೇ ಪ್ರಶ್ನೆ ಆರು ಸಲ, ಒಂದೇ ಉತ್ತರ ಆರು ಸಲ. ಕಚೇರಿಯಲ್ಲಿ ಇಂಥ ಸುದ್ದಿ ಬಂದರೆ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. ಮೊದಲ ಸಂಖ್ಯೆ ಉಳಿಸಿಕೊಂಡೆ, ಕೊನೆಯದನ್ನು ಉಳಿಸಿಕೊಂಡೆ, ನಡುವಿನದನ್ನು ಹೊಡೆದುಹಾಕಿದೆ.

ಓದುವಾಗ ಮೇಷ್ಟ್ರು ಮೊದಲ ಬೆಂಚಿನಲ್ಲಿ ಕೂತು, ಬೆರಳು ಮಡಚುತ್ತ ಕೇಳುತ್ತಿದ್ದರು. ಐವತ್ತಕ್ಕೆ ಒಂದು ಬೆರಳು ಮಡಚಿದರು. ನಾನು ಹತ್ತಕ್ಕೆ ಬಂದು ಮುಗಿಸಿದಾಗಲೂ ಆ ಒಂದೇ ಬೆರಳು ಮಡಚಿಕೊಂಡಿತ್ತು...

ಪೂಜೆಯ ಕೊನೆಗೆ ಫಾದರ್, ಇನ್ನು ಮೇಲೆ ತಿಂಗಳಿಗೊಮ್ಮೆ ಎಂದು ಪ್ರಕಟಿಸಿದರು. ಅಭ್ಯಾಸಬಲದಿಂದ ನಾನು ತಲೆ ಎಣಿಸಿದ್ದೆ. ಇಪ್ಪತ್ತೆರಡಿದ್ದವು.

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಅವರು ಕೇಳುವ ಮೊದಲೇ, "ವಿಷಯ ಬಂತಲ್ಲ ಮೇಷ್ಟ್ರೇ," ಎಂದೆ.

"ವಿಷಯ ಬಂತಪ್ಪ, ಅಬ್ರಹಾಮ ಬರ್ಲಿಲ್ಲ," ಎಂದರು. "ಅಷ್ಟು ಸಲ ನಾಚಿಕೆ ಬಿಟ್ಟು ಕೇಳಿದ್ನಲ್ಲ, ಅದೇ ಕಣಯ್ಯ ಅದ್ರಲ್ಲಿರೋದು."

ನನಗೆ ರೇಗಿತು. ಜನ ಬಾರದಿದ್ದರೆ ಅದಕ್ಕೆ ನಾನು ಹೊಣೆಯೇ? ಸ್ಕೂಟರ್ ಸ್ಟಾರ್ಟ್ ಮಾಡಿದೆ. ಗೌರಿಬಿದನೂರು ತಲುಪಿದಾಗ ಪತ್ರಿಕಾಗೋಷ್ಠಿ ರದ್ದಾಗಿತ್ತು.

ಪೂರ್ತಿ ಓದಿದ್ದರೆ ಫಾದರ್ ಮನಸ್ಸು ಬದಲಾಗುತ್ತಿತ್ತು ಎನ್ನಲು ಆಧಾರವಿಲ್ಲ. ಅವರು ಮೊದಲೇ ತೀರ್ಮಾನಿಸಿಕೊಂಡು ಬಂದಿರಬಹುದು. ಬದಲಾಗುತ್ತಿರಲಿಲ್ಲ ಎನ್ನಲೂ ಆಧಾರವಿಲ್ಲ. ಯಾವುದೆಂದು ತಿಳಿಯದ ಹಾಗೆ ಮಾಡಿದವನು ನಾನು.

ಅಂದಿನಿಂದ ಶನಿವಾರದ ಫೋನ್ ನಿಂತಿತು. ಮೊದಲೆರಡು ವಾರ ಹಾಯೆನಿಸಿತು. ಮೂರನೆಯ ವಾರ, ಆ ಹೊತ್ತಿಗೆ ಗಡಿಯಾರ ನೋಡಿದೆ... ಫಾದರ್ ಬಾರದ ಭಾನುವಾರಗಳಲ್ಲಿ ಮೇಷ್ಟ್ರೇ ಚರ್ಚಿನ ಬಾಗಿಲು ತೆಗೆದು, ವಾಚನಗಳನ್ನೆಲ್ಲ ತಾವೇ ಓದುತ್ತಿದ್ದರಂತೆ. ನಾಲ್ಕು ಜನಕ್ಕೆ ಇಷ್ಟೆಲ್ಲ ಯಾಕೆ ಎಂದು ಯಾರೋ ಕೇಳಿದ್ದಕ್ಕೆ, "ಅಬ್ರಹಾಮ ಹತ್ತಕ್ಕೆ ನಿಂತ. ನಾನ್ಯಾಕೆ ನಿಲ್ಲಲಿ?" ಎಂದರಂತೆ. ಅದೇ ವಾಚನ ಸರದಿಯಲ್ಲಿ ಮತ್ತೆ ಬರುವಷ್ಟರಲ್ಲಿ ಅವರಿರಲಿಲ್ಲ. ಈಗ ಆ ಚರ್ಚಿನ ಬಾಗಿಲು ವರ್ಷಕ್ಕೊಮ್ಮೆ, ಹಬ್ಬಕ್ಕೆ ಮಾತ್ರ ತೆರೆಯುತ್ತದೆ.

ಹಾಳೆ ಸಿಕ್ಕ ದಿನ ಚರ್ಚಿನ ಪಂಚಾಂಗ ನೋಡಿದೆ. ಸರದಿ ಹತ್ತಿರದಲ್ಲೇ ಇತ್ತು. ಈಗ ನಾನು ಹೋಗುವ ಪಟ್ಟಣದ ಚರ್ಚಿನಲ್ಲಿ ಓದಲು ಅವಕಾಶ ಕೇಳಿದೆ. ಓದುವವರ ಪಟ್ಟಿ ನೋಡಿಕೊಳ್ಳುವ ಹೆಂಗಸು ಒಪ್ಪಿದರು. "ಸ್ವಲ್ಪ ಬೇಗ ಮುಗ್ಸಿ ಸರ್, ಮುಂದಿನ ಪೂಜೆಗೆ ಜನ ಹೊರಗಡೆ ಕಾಯ್ತಿರ್ತಾರೆ," ಎಂದೂ ಸೇರಿಸಿದರು.

ಅದೇ ಹಾಳೆಯಿಂದ ಓದಿದೆ. ಕೆಂಪು ಶಾಯಿಯ ಕೆಳಗೂ ಅಕ್ಷರಗಳು, ಗೀಟುಗಳು ಕಾಣುತ್ತಿದ್ದವು. ನಲವತ್ತರ ಬಳಿ ಯಾರೋ ಕೆಮ್ಮಿದರು. ಮೂವತ್ತಕ್ಕೆ ಮುಂದಿನ ಸಾಲಿನವರೊಬ್ಬರು ಮೊಬೈಲಿನಲ್ಲಿ ಸಮಯ ನೋಡಿದರು. ಹತ್ತರವರೆಗೂ ಇಳಿದೆ.

ಪೂಜೆ ಮುಗಿದ ಮೇಲೆ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತೆ. ಎರಡನೆಯ ಪೂಜೆಯ ಜನ ಒಳಗೆ ಹೋಗುತ್ತಿದ್ದರು. ಇಪ್ಪತ್ತರ ಬಳಿ ಎರಡು ಗೀಟಿತ್ತು, ನಾನು ನಿಲ್ಲದೆ ಮುಂದೆ ಹೋಗಿದ್ದೆ. ಅದನ್ನು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.